ಹದಿನೇಳನೇ ಹಾಳೆಯ ಗುರುತು

ಏಳು ಮರದ ಪೆಟ್ಟಿಗೆಗಳು ಕುವೈತಿನ ಮೀನಾ ಅಬ್ದುಲ್ಲಾದ ನಮ್ಮ ವರ್ಕ್‌ಶಾಪಿಗೆ ಬಂದಾಗ ಮೇ ತಿಂಗಳು. ವರ್ಷ ಎರಡು ಸಾವಿರದ ಐದು. ಶೆಡ್ಡಿನ ತಗಡು ಬೆಳಗ್ಗೆ ಎಂಟಕ್ಕೇ ಕಾದು ಟಿಕ್ ಟಿಕ್ ಎನ್ನುತ್ತಿತ್ತು. ರಿಫೈನರಿಯ ಪಂಪು, ವಾಲ್ವುಗಳನ್ನು ಬಿಚ್ಚಿ ಸರಿಮಾಡುವ ಜಾಗ ಅದು. ನಾನು ಅಲ್ಲಿ ಲೇತ್ ನಡೆಸುವ ಟರ್ನರ್. ಪೆಟ್ಟಿಗೆಯ ಮೇಲೆ ಜಪಾನಿ ಅಕ್ಷರ ಕಂಡು, ಯಾವುದೋ ಕಂಪ್ರೆಸರಿನ ಬಿಡಿಭಾಗ ಇರಬೇಕು ಎಂದುಕೊಂಡು ಮುಚ್ಚಳ ಎಬ್ಬಿಸಿದೆ. ಒಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ಆರು ಚಕ್ರಗಳು. ರೈಲಿನ ಚಕ್ರಗಳೇ, ಆದರೆ ಊಟದ ತಟ್ಟೆಗಿಂತ ಚಿಕ್ಕವು.

ಕುವೈತಿನಲ್ಲಿ ರೈಲಿಲ್ಲ. ಅಲ್ಲಿಗೆ ಉಗಿಬಂಡಿ ಬಂದದ್ದು ನಮ್ಮ ಯಜಮಾನರ ತಂದೆಯ ಹುಚ್ಚಿನಿಂದ. ಅವರನ್ನು ಎಲ್ಲರೂ ಬಾಬಾ ಎನ್ನುತ್ತಿದ್ದೆವು. ಎಳೆಯ ಪ್ರಾಯದಲ್ಲಿ ಜಪಾನಿಗೆ ಹೋಗಿ ಇಂಜಿನಿಯರಿಂಗ್ ಓದಿ ಬಂದವರು. ಅಲ್ಲಿನ ಅವರ ಸಹಪಾಠಿಯೊಬ್ಬರ ಅಣ್ಣ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಂದು ಉಗಿಬಂಡಿಯನ್ನು ಎಂಟನೇ ಒಂದು ಪಾಲಿಗಿಂತ ತುಸು ಚಿಕ್ಕ ಅಳತೆಯಲ್ಲಿ ಕಟ್ಟುತ್ತಿದ್ದರಂತೆ. ನಿಜವಾದ ಕಲ್ಲಿದ್ದಲು, ನಿಜವಾದ ಉಗಿ. ಅರ್ಧ ಕಟ್ಟಿ ತೀರಿಹೋದರು. ಚಕ್ರ, ಫ್ರೇಮು, ಸಿಲಿಂಡರಿನ ಎರಕ, ನಲವತ್ತೊಂದು ಡ್ರಾಯಿಂಗ್ ಹಾಳೆ, ಎಲ್ಲವನ್ನೂ ಸಹಪಾಠಿ ಬಾಬಾರಿಗೆ ಕಳಿಸಿದ್ದರು. ಮುಂದಿನ ಫೆಬ್ರವರಿಯಲ್ಲಿ ತಾನು ಕುವೈತಿಗೆ ಬರುತ್ತೇನೆ, ಅಷ್ಟರಲ್ಲಿ ಅಣ್ಣನ ಇಂಜಿನ್ ಓಡಬೇಕು ಎಂದು ಒಂದು ಸಾಲು ಬರೆದಿದ್ದರು.

ಬಾಬಾ ನಮ್ಮನ್ನು ಸುತ್ತ ನಿಲ್ಲಿಸಿಕೊಂಡು ಅದರ ಕತೆ ಹೇಳಿದರು. ಜಪಾನಿನವರದು ಮೂರೂವರೆ ಅಡಿ ಅಗಲದ ಕಿರುಹಳಿ. ಅದರ ಮೇಲೆ ದೂರದ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯಲು 1911ರಲ್ಲಿ ಬ್ರಿಟನ್, ಅಮೆರಿಕ, ಜರ್ಮನಿಗಳಿಂದ ಪ್ಯಾಸೆಂಜರ್ ಇಂಜಿನ್ನುಗಳನ್ನು ತರಿಸಿದರು. ಜರ್ಮನಿಯಿಂದ ಬಂದದ್ದರಲ್ಲಿ ಒಂದು ಜಾತಿಯವು ಹನ್ನೆರಡು. ಅವನ್ನು ಬಿಚ್ಚಿ, ಅಳೆದು, ಅದೇ ತರದ ಇನ್ನೂ ಹನ್ನೆರಡನ್ನು ತಮ್ಮ ಊರಲ್ಲೇ ಮಾಡಿಕೊಂಡರು. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಆ ಜರ್ಮನ್ ಜಾತಿಯ ಮರಿ.

“ನೋಡಿ ಕಲಿಯುವುದರಲ್ಲಿ ನಾಚಿಕೆ ಇಲ್ಲ,” ಎಂದರು ಬಾಬಾ ತಮ್ಮ ನಿಧಾನದ ಇಂಗ್ಲಿಷಿನಲ್ಲಿ. “ಕಲಿಸಿದವನ ಹೆಸರು ಮರೆಯಬಾರದು, ಅಷ್ಟೆ. ಯಲ್ಲಾ, ಕೆಲಸ ಶುರುಮಾಡಿ.”

ಅವರು ಹೋದ ಮೇಲೆ ಮ್ಯಾನೇಜರ್ ನಮಗೆ ಬೇಕಾದ ಮಾತು ಹೇಳಿದ. ನಮ್ಮ ಫೋರ್‌ಮನ್ ಆ ಏಪ್ರಿಲಿನಲ್ಲಿ ಕೆಲಸ ಖಲಾಸ್ ಮಾಡಿ ಊರಿಗೆ ಹೋಗಿದ್ದರು. ಆ ಕುರ್ಚಿ ಖಾಲಿ. “ಈ ಗಾಡಿ ಯಾರ ಕೈಯಿಂದ ಚೆನ್ನಾಗಿ ಆಗ್ತದೋ ಅವನೇ ಫೋರ್‌ಮನ್. ಬಾಬಾನ ಮಾತು ಇದು, ನನ್ನದಲ್ಲ ಭಾಯಿ.”

ಆ ಕುರ್ಚಿ ನನಗೆ ಬರೀ ಕುರ್ಚಿಯಾಗಿರಲಿಲ್ಲ. ಟರ್ನರ್ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ, ಫೋರ್‌ಮನ್ ಸಂಬಳಕ್ಕೆ ಸಿಗುತ್ತದೆ. ಹೆಂಡತಿ ಮತ್ತು ಏಳು ವರ್ಷದ ಮಗಳು ಶಿರ್ವದಲ್ಲಿದ್ದರು. ಮಗಳನ್ನು ನಾನು ನೋಡಿದ್ದು ಒಟ್ಟು ನಾಲ್ಕು ರಜೆಯಷ್ಟು. ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಸೀಟು ವಿಚಾರಿಸಿಯೂ ಇಟ್ಟಿದ್ದೆ. ಈ ವರ್ಕ್‌ಶಾಪಿನಲ್ಲಿ ನನಗಿಂತ ಒಳ್ಳೆಯ ಕೈ ಇಲ್ಲ ಎಂಬ ಧೈರ್ಯ.

ಆ ಧೈರ್ಯಕ್ಕೆ ಕಲ್ಲು ಹಾಕಿದವನು ಫಿಟ್ಟರ್. ಉಳ್ಳಾಲದ ಕಡೆಯ ಬ್ಯಾರಿ ಹುಡುಗ, ಇಪ್ಪತ್ತೆಂಟರ ಪ್ರಾಯ, ಹಿಂದಿನ ಚಳಿಗಾಲದಲ್ಲಿ ಸೇರಿದ್ದ. ಐಟಿಐ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮಂಗಳೂರು ದಕ್ಕೆಯಲ್ಲಿ ಮೀನಿನ ಬೋಟುಗಳ ಇಂಜಿನ್ ಬಿಚ್ಚಿ ಕಟ್ಟಿ ಕಲಿತದ್ದು. ನಾವಿಬ್ಬರೂ ಮಾತಾಡುತ್ತಿದ್ದುದು ಮಂಗಳೂರು ಕನ್ನಡ, ಸಿಟ್ಟು ಬಂದರೆ ತುಳು. ನನ್ನನ್ನು ‘ಅಣ್ಣ’ ಎನ್ನುತ್ತಿದ್ದ. ಅದೂ ನನಗೆ ಸೇರುತ್ತಿರಲಿಲ್ಲ.

ಕೆಲಸ ಹಂಚಿದಾಗ ಬಾಯ್ಲರ್ ನನಗೆ ಬಂತು. ರಾಡುಗಳು, ವಾಲ್ವ್ ಗೇರು ಅವನಿಗೆ. ಬಾಯ್ಲರ್ ಕಷ್ಟದ ಕೆಲಸ, ಜವಾಬ್ದಾರಿಯ ಕೆಲಸ ಎಂದು ಮೊದಲು ಉಬ್ಬಿದೆ. ಮೂರು ಮಿಲಿಮೀಟರ್ ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಬಡಿದು ಬಗ್ಗಿಸಬೇಕು. ನಾಲ್ಕು ಏಟು ಬಿದ್ದರೆ ಅದು ಮತ್ತೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಬೇಕು. ಬೆಂಕಿಗೂಡಿನ ಗೋಡೆಗಳ ನಡುವೆ ಅರುವತ್ತೆಂಟು ಕಂಬಿಗಳು, ಒಂದೊಂದಕ್ಕೂ ಬೆಳ್ಳಿ ಬೆಸುಗೆ. ಜುಲೈಯಲ್ಲಿ ಎರಡು ಟಾರ್ಚುಗಳ ಮುಂದೆ ನಿಂತು ಬೆಸುಗೆ ಹಾಕುವುದೆಂದರೆ ಏನೆಂದು ಹಾಕಿದವರಿಗೇ ಗೊತ್ತು. ಬೆಳಗ್ಗೆ ಐದಕ್ಕೆ ಬಂದು ಎಂಟಕ್ಕೆ ನಿಲ್ಲಿಸುತ್ತಿದ್ದೆ. ಆಮೇಲೆ ಬೆಸುಗೆಯ ಫ್ಲಕ್ಸು ಕುದಿಯುವ ಮೊದಲು ನಾನೇ ಕುದಿಯುತ್ತಿದ್ದೆ.

ಓಡಿಸುವ ಒತ್ತಡ ಆರು ಕಿಲೋ, ಹಾಗಾಗಿ ನೀರು ತುಂಬಿ ಹನ್ನೆರಡು ಕಿಲೋಗೆ ಪರೀಕ್ಷೆ. ಮೊದಲ ಸಲ ಒಂಬತ್ತಕ್ಕೇ ಎರಡು ಕಂಬಿಗಳ ಬುಡದಲ್ಲಿ ಹನಿ ಕೂತಿತು. ಮತ್ತೆ ಆಸಿಡ್ಡಿನಲ್ಲಿ ತೊಳೆದು, ಮತ್ತೆ ಕಾಯಿಸಿ, ಮೂರನೆಯ ಸಲಕ್ಕೆ ಹನ್ನೆರಡು ಕಿಲೋದಲ್ಲಿ ಇಪ್ಪತ್ತು ನಿಮಿಷ ಗೇಜಿನ ಮುಳ್ಳು ಅಲುಗಲಿಲ್ಲ. ಅಂಥ ಕೆಲಸವನ್ನು ನಾನು ಅದಕ್ಕಿಂತ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಬಾಬಾ ಬರುತ್ತಿದ್ದುದು ಶನಿವಾರಗಳಂದು. ಆ ಶನಿವಾರ ಬಂದು ಬಾಯ್ಲರನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ “ಗುಡ್” ಎಂದರು. ಮುಂದೆ ಹೋದರು. ಫಿಟ್ಟರನ ಬೆಂಚಿನ ಹತ್ತಿರ ಕಾಲು ಗಂಟೆ ನಿಂತರು. ಅವನು ಉಕ್ಕಿನ ಕಂಬಿಯಿಂದ, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡನ್ನು ಕಡಿದು ಅರ ಹಾಕಿ ಮುಗಿಸಿದ್ದ. ದೀಪದ ಮಸಿ ಸವರಿ, ಎಲ್ಲಿ ಉಜ್ಜುತ್ತದೆ ಎಂದು ನೋಡಿ, ಕೂದಲಷ್ಟು ತೆಗೆಯುವ ಅಭ್ಯಾಸ ಅವನದು, ಬೋಟಿನವರಿಂದ ಕಲಿತದ್ದು. ಬಾಬಾ ರಾಡಿನ ಉದ್ದಕ್ಕೂ ಹೆಬ್ಬೆರಳು ಎಳೆದರು. ಆಮೇಲೆ ಅವನ ಕೈಯನ್ನೇ ಹಿಡಿದು ಅಂಗೈ ಮೇಲೆ ಮಾಡಿ ನೋಡಿದರು. “ಈ ಕೈ ಎಲ್ಲಿಯದು?” ಎಂದರು.

“ಉಳ್ಳಾಲದ್ದು ಬಾಬಾ,” ಎಂದ ಅವನು, ಬಾಬಾರಿಗೆ ಉಳ್ಳಾಲ ಗೊತ್ತಿರುವ ಹಾಗೆ.

ನನಗೆ ಆ ಕ್ಷಣ ಮೈಯೆಲ್ಲ ಉರಿಯಿತು. ಬಾಯ್ಲರ್ ಮಾಡಿದವನ ಕೆಲಸ ತಗಡಿನ ಹೊದಿಕೆಯೊಳಗೆ ಸೇರಿಹೋಗುತ್ತದೆ, ಬಣ್ಣ ಬಳಿದ ಮೇಲೆ ದೇವರಿಗೂ ಕಾಣುವುದಿಲ್ಲ. ರಾಡು ಮಾಡಿದವನದು ಹೊರಗೆ ಮಿಂಚುತ್ತಾ ತಿರುಗುತ್ತದೆ. ಅಂದಿನಿಂದ ಅವನ ಬೆಂಚಿನ ಕಡೆ ನೋಡುವುದೇ ನನ್ನ ಕೆಲಸವಾಯಿತು. ಅವನು ಚಾ ಕುಡಿಯಲು ಹೋದಾಗ ನನ್ನ ಮೈಕ್ರೋಮೀಟರ್ ತೆಗೆದುಕೊಂಡು ಅವನ ರಾಡುಗಳನ್ನು ಅಳೆಯುತ್ತಿದ್ದೆ. ಎಲ್ಲಾದರೂ ಕೂದಲೆಳೆಯಷ್ಟು ತಪ್ಪಿದ್ದರೆ ರಾತ್ರಿ ನಿದ್ದೆ ಬಂದೀತು. ತಪ್ಪಿರಲಿಲ್ಲ. ಮಂಗಾಫಿನ ರೂಮಿಗೆ ವಾಪಸ್ ಹೋಗುವ ಕಂಪೆನಿ ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತು, ಕಡಲೆ ತಿನ್ನುತ್ತಾ, ನನಗೂ ಕೊಡುತ್ತಿದ್ದ. ತಿನ್ನುತ್ತಿದ್ದೆ ಕೂಡ. ಹೊಟ್ಟೆಕಿಚ್ಚಿಗೂ ಹಸಿವೆಗೂ ಬೇರೆ ಬೇರೆ ಹೊಟ್ಟೆ ಇರಬೇಕು.

ಒಂದೇ ವಿಷಯದಲ್ಲಿ ಅವನಿಗೆ ನಾನು ಬೇಕಿತ್ತು. ಡ್ರಾಯಿಂಗ್ ಓದುವುದರಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ವಸ್ತುವನ್ನು ಎಡಗಡೆಯಿಂದ ನೋಡಿದರೆ ಹೇಗೆ ಕಾಣುತ್ತದೋ ಆ ಚಿತ್ರವನ್ನು ಹಾಳೆಯ ಎಡಕ್ಕೇ ಬರೆಯುವ ಪದ್ಧತಿ ಒಂದು. ಅದಕ್ಕೆ ಥರ್ಡ್ ಆ್ಯಂಗಲ್ ಎನ್ನುತ್ತಾರೆ. ಅದೇ ಚಿತ್ರವನ್ನು ಬಲಕ್ಕೆ ಬರೆಯುವುದು ಫಸ್ಟ್ ಆ್ಯಂಗಲ್. ಜಪಾನಿನವರದು ಥರ್ಡ್. ಹಳೆಯ ಜರ್ಮನ್ನರದು, ನಾನು ಐಟಿಐಯಲ್ಲಿ ಕಲಿತದ್ದು, ಫಸ್ಟ್. ಯಾವುದೆಂದು ನೋಡದೆ ಓದಿದರೆ ಎಡಗಡೆಯದು ಬಲಗಡೆಯದಾಗಿ ತಯಾರಾಗುತ್ತದೆ. ಕುವೈತಿಗೆ ಎಲ್ಲ ದೇಶದ ಡ್ರಾಯಿಂಗೂ ಬರುತ್ತದೆ. ಅದಕ್ಕೇ ನಮ್ಮ ವರ್ಕ್‌ಶಾಪಿನಲ್ಲಿ ನಾನೇ ಒಂದು ಕ್ರಮ ಹಾಕಿದ್ದೆ: ಲೋಹಕ್ಕೆ ಕೈ ಹಚ್ಚುವ ಮೊದಲು ಓದಬಲ್ಲವನು ಹಾಳೆಯ ಕೆಳಮೂಲೆಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ತುದಿ ಕೊಯ್ದ ಒಂದು ಕೋನು, ಪಕ್ಕದಲ್ಲಿ ಒಂದರೊಳಗೊಂದು ಎರಡು ವೃತ್ತ. ವೃತ್ತ ಎಡಕ್ಕಿದ್ದರೆ ಥರ್ಡ್, ಬಲಕ್ಕಿದ್ದರೆ ಫಸ್ಟ್. ಕೆಳಗೆ ಹೆಸರಿನ ಮೊದಲ ಅಕ್ಷರ. ಗುರುತಿಲ್ಲದ ಹಾಳೆಯ ಮೇಲೆ ಯಾರೂ ಕೆಲಸ ಮಾಡುವಂತಿಲ್ಲ.

ಬಾಬಾ ಅವನ ಕೈ ಹಿಡಿದು ನೋಡಿದ ಶನಿವಾರವೇ, ಮಧ್ಯಾಹ್ನ ಊಟ ಆದ ಮೇಲೆ, ಫಿಟ್ಟರ್ ಹದಿನೇಳನೇ ಹಾಳೆ ಹಿಡಿದುಕೊಂಡು ನನ್ನ ಲೇತಿನ ಹತ್ತಿರ ಬಂದ.

“ಅಣ್ಣ, ಇದು ಯಾವ ಆ್ಯಂಗಲ್ ನೋಡಿ. ಅಕ್ಷರ ಬೇರೆ ಕಾಣ್ತದೆ ಇದ್ರಲ್ಲಿ.”

ನೋಡಿದೆ. ಅದುವರೆಗಿನ ಹಾಳೆಗಳೆಲ್ಲ ತೀರಿಹೋದ ಆ ಮನುಷ್ಯ ತಾನೇ ಬರೆದವು. ಇದೊಂದು ಹಳೆಯ ಹಾಳೆಯ ನಕಲು. ಬರಹ ಜರ್ಮನ್, ಅಳತೆಗಳನ್ನು ಮಾತ್ರ ಅವರು ಜಪಾನಿಯಲ್ಲಿ ಬದಲಿಸಿದ್ದರು. ರಿಟರ್ನ್ ಕ್ರ್ಯಾಂಕ್ ಎಂಬ ಬೆರಳುದ್ದದ ತುಂಡಿನ ಡ್ರಾಯಿಂಗ್. ನಡುಚಕ್ರದ ಕ್ರ್ಯಾಂಕ್ ಪಿನ್ನಿನ ತಲೆಯ ಮೇಲೆ ಅದು ಕೂರುತ್ತದೆ. ಉಗಿಯನ್ನು ಯಾವಾಗ ಒಳಗೆ ಬಿಡಬೇಕೆಂದು ವಾಲ್ವಿಗೆ ಹೇಳುವುದೇ ಅದು. ಅದು ಒಂದು ಕಡೆ ವಾಲಿದರೆ ಇಂಜಿನ್ ಮುಂದಕ್ಕೆ, ಇನ್ನೊಂದು ಕಡೆ ವಾಲಿದರೆ ಹಿಂದಕ್ಕೆ.

ಗೊತ್ತಿದ್ದು ಮಾಡಿದೆನೋ ಗೊತ್ತಿಲ್ಲದೆ ಮಾಡಿದೆನೋ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡೆ. ಸುಮ್ಮನೆ ಯಾಕೆ, ಗೊತ್ತಿತ್ತು. ಜರ್ಮನ್ ಅಕ್ಷರ ಕಂಡ ಕೂಡಲೇ ಇದು ಫಸ್ಟ್ ಆ್ಯಂಗಲ್ ಎಂದು ತಲೆಯಲ್ಲಿ ಹೊಳೆದಿತ್ತು. ಆದರೆ ಅವನ ಅಂಗೈ ಬಾಬಾರ ಕೈಯಲ್ಲಿದ್ದುದೇ ಕಣ್ಣ ಮುಂದೆ ಇತ್ತು.

“ಅಕ್ಷರ ಬೇರೆ ಆದ್ರೆ ಎಂತ? ಸೆಟ್ ಒಂದೇ ಅಲ್ವಾ ಮಾರಾಯ,” ಎಂದು ವೃತ್ತಗಳನ್ನು ಎಡಕ್ಕೆ ಎಳೆದು, ಕೆಳಗೆ ನನ್ನ ಅಕ್ಷರ ಹಾಕಿ ಕೊಟ್ಟೆ.

“ಸರಿ ಅಣ್ಣ. ನೀವು ಹೇಳಿದ್ರೆ ಆಯ್ತು.”

ಅವನು ಅಷ್ಟು ಬೇಗ ನಂಬದಿದ್ದರೆ ನನಗೆ ಇನ್ನೂ ಸುಲಭವಾಗುತ್ತಿತ್ತು.

ಅವನಿಗೆ ತಪ್ಪು ಗೊತ್ತಾಗುವ ದಾರಿಯೂ ಇರಲಿಲ್ಲ. ಇಡೀ ಇಂಜಿನ್ ತೋರಿಸುವ ದೊಡ್ಡ ಹಾಳೆಯ ಕೆಳಭಾಗವನ್ನು ಹುಳ ತಿಂದಿತ್ತು. ಬಾಬಾ ಕೊಟ್ಟ ಒಂದೇ ಫೋಟೋದಲ್ಲಿ ನಡುಚಕ್ರ ನೆರಳಿನಲ್ಲಿತ್ತು. ಅವನು ರಿಟರ್ನ್ ಕ್ರ್ಯಾಂಕುಗಳನ್ನು ಕಡಿದ, ಪಾಲಿಶ್ ಮಾಡಿದ, ಪಿನ್ನಿನ ಮೇಲೆ ಕೂರಿಸಿ, ರಂಧ್ರ ಕೊರೆದು ಟೇಪರ್ ಪಿನ್ ಹೊಡೆದ. ಒಮ್ಮೆ ಹೊಡೆದರೆ ಮತ್ತೆ ಸರಿಸಲಾಗದ ಕೆಲಸ ಅದು. ಅವನು ಸುತ್ತಿಗೆ ಎತ್ತಿದಾಗ ನಾನು ಐದು ಗಜ ದೂರದಲ್ಲಿದ್ದೆ. ‘ನಿಲ್ಲು’ ಎನ್ನಲು ಎರಡಕ್ಷರ ಸಾಕಿತ್ತು. ಹೇಳಲಿಲ್ಲ.

ಅಕ್ಟೋಬರಿನಲ್ಲಿ ಧೂಳಿನ ಗಾಳಿ ಬೀಸಿ ಸಿಲಿಂಡರಿನ ಎಣ್ಣೆಗೆ ಮರಳು ಸೇರಿತು, ಎರಡು ವಾರ ಮತ್ತೆ ತೊಳೆದು ಉಜ್ಜುವುದಾಯಿತು. ನವೆಂಬರಿನಲ್ಲಿ ಬಾಯ್ಲರ್ ಫ್ರೇಮಿನ ಮೇಲೆ ಕೂತಿತು. ಜನವರಿಯ ಮೊದಲ ಶನಿವಾರ ಬೆಂಚಿನ ಮೇಲೆ ನಾಲ್ಕು ಮೀಟರ್ ಹಳಿ ಹಾಸಿ, ಕಂಪ್ರೆಸರಿನ ಗಾಳಿ ಕೊಟ್ಟು ಓಡಿಸಿ ನೋಡುವುದೆಂದು ನಿಶ್ಚಯವಾಯಿತು. ಬಾಬಾ ಬಿಳಿ ದಿಶ್‌ದಾಶಾದ ತೋಳು ಮೇಲೆ ಸರಿಸಿ, ದಿಕ್ಕು ಬದಲಿಸುವ ಲಿವರನ್ನು ತಾವೇ ಮುಂದಕ್ಕೆ ತಳ್ಳಿದರು. ನಾನು ಗಾಳಿಯ ವಾಲ್ವ್ ತೆರೆದೆ.

ಚಕ್ರಗಳು ತಿರುಗಿದವು. ಎಷ್ಟು ನಯವಾಗಿ ಎಂದರೆ, ಒಂದು ಕ್ಷಣ ನಾನೂ ಎಲ್ಲ ಮರೆತು ನೋಡಿದೆ. ಆಮೇಲೆ ಇಂಜಿನ್ ಹಿಂದಕ್ಕೆ ಹೋಗಿ, ಹಳಿಯ ಕೊನೆಯ ಮರದ ತುಂಡಿಗೆ ಗುದ್ದಿ ನಿಂತಿತು. ಬಾಬಾ ಲಿವರನ್ನು ಹಿಂದಕ್ಕೆ ಎಳೆದರು. ಅದು ಮುಂದಕ್ಕೆ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗೆ.

“ಯಾರು ಓದಿದ್ದು ಈ ಡ್ರಾಯಿಂಗ್?” ಎಂದ ಮ್ಯಾನೇಜರ್, ಎಲ್ಲರ ಮುಖ ನೋಡುತ್ತಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಜೇಬಿನ ಪೆನ್ಸಿಲಿಗೆ ಹೋಯಿತು.

“ನಾನೇ ಸಾರ್,” ಎಂದ ಫಿಟ್ಟರ್. “ಉಲ್ಟಾ ನೋಡಿಬಿಟ್ಟೆ. ತಪ್ಪು ನನ್ನದೇ.”

ಲಿವರಿನ ಕಂಬಿಯ ನಡುವೆ ಒಂದು ತುಂಡು ಸೇರಿಸಿ ಉಲ್ಟಾ ಮಾಡಿಬಿಡೋಣ, ಅರ್ಧ ದಿನದ ಕೆಲಸ, ಯಾರಿಗೂ ತಿಳಿಯುವುದಿಲ್ಲ ಎಂದು ಮ್ಯಾನೇಜರ್ ಸಲಹೆ ಕೊಟ್ಟ. ಬಾಬಾ ತಲೆ ಅಲ್ಲಾಡಿಸಿದರು. “ನೂರು ವರ್ಷದ ಹಿಂದೆ ನಕಲು ಮಾಡಿದವರು ಹೀಗೆ ಮಾಡಲಿಲ್ಲ. ಬರುವವನು ಇದನ್ನು ಕಟ್ಟಿದವನ ತಮ್ಮ. ಸರಿಮಾಡಿ.” ಸಿಟ್ಟಾಗಲಿಲ್ಲ. ಹೊರಡುವ ಮೊದಲು ಕಪ್ಲಿಂಗ್ ರಾಡನ್ನು ಮತ್ತೊಮ್ಮೆ ಸವರಿದರು.

ಬಾಬಾ ಹೋದ ಮೇಲೆ ಮ್ಯಾನೇಜರ್ ಫಿಟ್ಟರನಿಗೆ ಅಲ್ಲೇ ತೀರ್ಪು ಕೊಟ್ಟ. ಅವನ ಇಕಾಮಾ, ಎಂದರೆ ಕುವೈತಿನಲ್ಲಿ ಇರುವ ಪರವಾನಗಿ, ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. “ರಿನ್ಯೂ ಮಾಡಲ್ಲ. ಓದೋಕೆ ಬರದವನನ್ನ ಇಟ್ಕೊಂಡು ನಾನೇನು ಮಾಡ್ಲಿ? ಖಲಾಸ್.” ನನ್ನ ಕಡೆ ತಿರುಗಿದ. “ನಿನ್ನ ಫೋರ್‌ಮನ್ ಕಾಗದ ಮುಂದಿನ ವಾರ ಟೈಪ್ ಆಗ್ತದೆ ಭಾಯಿ. ಈ ಗಾಡಿ ನೀನೇ ಸರಿಮಾಡು.”

ಆ ಗುರುವಾರ ಊರಿಗೆ ಫೋನ್ ಮಾಡಿದೆ. ವಿಷಯ ಕೇಳಿ ಹೆಂಡತಿ ದೇವರಿಗೆ ಸ್ತೋತ್ರ ಹೇಳಿದಳು. ಮಗಳು ಫೋನ್ ಕಿತ್ತುಕೊಂಡು, “ಡ್ಯಾಡಿ, ಅಲ್ಲಿ ಶಾಲೆಗೆ ಬಸ್ ಉಂಟಾ?” ಎಂದಳು. ಉಂಟು ಎಂದೆ. ಯಾವ ಬಣ್ಣ ಎಂದಳು. ಹಳದಿ ಎಂದೆ.

ಮರುದಿನ ಶುಕ್ರವಾರ, ರಜೆ. ಇಗರ್ಜಿಗೆ ಹೋಗಬೇಕಾದವನು ಟ್ಯಾಕ್ಸಿ ಹಿಡಿದು ವರ್ಕ್‌ಶಾಪಿಗೆ ಹೋದೆ. ವಾಚ್‌ಮನ್ನಿಗೆ ಟೂಲ್ ಬಿಟ್ಟು ಬಂದೆ ಎಂದೆ. ಜೇಬಿನಲ್ಲಿದ್ದದ್ದು ಒಂದು ಹೊಸ ರಬ್ಬರು. ಹದಿನೇಳನೇ ಹಾಳೆಯ ಮೂಲೆಯಲ್ಲಿ ನನ್ನ ಕೈಯ ಗುರುತು, ನನ್ನ ಅಕ್ಷರ ಇತ್ತಲ್ಲ. ಯಾರಾದರೂ ಅದನ್ನು ತೆಗೆದು ನೋಡಿದರೆ ನನ್ನ ಫೋರ್‌ಮನ್ ಕುರ್ಚಿ, ಫ್ಯಾಮಿಲಿ ವೀಸಾ, ಹಳದಿ ಬಸ್ಸು ಎಲ್ಲವೂ ಹೋದಂತೆ.

ಕಪಾಟಿನಿಂದ ಹಾಳೆ ತೆಗೆದು ಬೆಂಚಿನ ಮೇಲೆ ಹಾಸಿದೆ. ಮೂಲೆಯಲ್ಲಿ ಏನೂ ಇರಲಿಲ್ಲ.

ಹಾಳೆ ತಪ್ಪಿತೇನೋ ಎಂದು ನಂಬರು ನೋಡಿದೆ. ಹದಿನೇಳೇ. ಬೆಳಕಿಗೆ ಹಿಡಿದು ಓರೆ ಮಾಡಿದಾಗ ಕಂಡಿತು. ಕಾಗದ ಅಲ್ಲಿ ನಾರು ನಾರಾಗಿ ಎದ್ದಿತ್ತು. ಪೆನ್ಸಿಲನ್ನು ಒತ್ತಿ ಎಳೆದಿದ್ದೆನಲ್ಲ, ಆ ಗೀರು ಹಾಗೇ ಉಳಿದಿತ್ತು. ಯಾರೋ ನನಗಿಂತ ಮೊದಲೇ ಜೋಪಾನವಾಗಿ ಅಳಿಸಿದ್ದರು. ಅದನ್ನು ಅಳಿಸಬೇಕಾದ ಕಾರಣ ಗೊತ್ತಿದ್ದವರು ಪ್ರಪಂಚದಲ್ಲಿ ಇಬ್ಬರೇ.

ಆಗ ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮೊದಲು ಬಂದದ್ದು ಸಿಟ್ಟು. ರಾಡಿನಲ್ಲಿ ನನಗಿಂತ ಮುಂದೆ, ಬಾಬಾರ ಮನಸ್ಸಿನಲ್ಲಿ ನನಗಿಂತ ಮುಂದೆ, ಈಗ ಒಳ್ಳೆಯತನದಲ್ಲೂ ಇವನೇ ಮುಂದೆ. ಊರಿಗೆ ಹೋಗುವಾಗ ಅದೊಂದನ್ನೂ ಗೆದ್ದು ಹೋಗುತ್ತಾನೆ, ನಾನು ಬದುಕಿರುವಷ್ಟು ದಿನ ಸೋತವನಾಗಿ ಆ ಕುರ್ಚಿಯಲ್ಲಿ ಕೂತಿರಬೇಕು. ನಾಚಿಕೆ ಆಮೇಲೆ ಬಂತು, ಒಂದು ಗಂಟೆ ಆ ಸ್ಟೂಲಿನ ಮೇಲೆ ಕೂತ ಮೇಲೆ. ನಿರ್ಧಾರ ಮಾಡಿದ್ದು ಎರಡರಲ್ಲಿ ಯಾವುದರಿಂದ ಎಂದು ನನಗೆ ಇಂದಿಗೂ ಖಚಿತವಿಲ್ಲ. ಪೆನ್ಸಿಲ್ ತೆಗೆದು, ಅದೇ ಗೀರಿನ ಮೇಲೆ, ಅದೇ ತಪ್ಪು ಗುರುತನ್ನು ಮತ್ತೆ ಎಳೆದೆ. ಕೆಳಗೆ ನನ್ನ ಅಕ್ಷರ ಹಾಕಿದೆ.

ಶನಿವಾರ ಬೆಳಗ್ಗೆ ಹಾಳೆಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟೆ. “ಇದು ನನ್ನ ಗುರುತು. ಅವನು ಕೇಳಿದ್ದ. ನಾನು ತಪ್ಪು ಹೇಳಿದ್ದು.”

ಅವನು ಹಾಳೆಯನ್ನೂ ನನ್ನನ್ನೂ ನೋಡಿದ. “ಈಗ ಯಾಕೆ ಹೇಳ್ತೀಯ ಭಾಯಿ? ಕಾಗದ ಟೈಪ್ ಆಗಿದೆ. ಸುಮ್ಮನಿದ್ದಿದ್ರೆ ನಾನು ಕೇಳ್ತಿದ್ನಾ?”

“ಅವನ ಇಕಾಮಾ ರಿನ್ಯೂ ಮಾಡಿ. ಪಿನ್ ಬದಲಿಸೋ ಕೆಲಸ ಅವನ ಕೈ ಇಲ್ಲದೆ ಆಗಲ್ಲ.” ಅದು ಬರೀ ಔದಾರ್ಯದ ಮಾತಾಗಿರಲಿಲ್ಲ, ನಿಜವೇ ಆಗಿತ್ತು.

ಮ್ಯಾನೇಜರ್ ಟೈಪ್ ಮಾಡಿದ ಕಾಗದವನ್ನು ಹರಿಯಲಿಲ್ಲ, ಬೈಯಲೂ ಇಲ್ಲ. ಡ್ರಾವರ್ ಎಳೆದು ಒಳಗೆ ಹಾಕಿದ. ನನಗೆ ಹರಿದಿದ್ದರೇ ಚೆನ್ನಾಗಿತ್ತು.

ಉಳಿದದ್ದು ಐದು ವಾರ. ನಡುಚಕ್ರಗಳ ಎರಡು ಕ್ರ್ಯಾಂಕ್ ಪಿನ್ನುಗಳನ್ನು ಒತ್ತಿ ಹೊರಗೆ ತೆಗೆಯಬೇಕು, ಹೊಸವನ್ನು ಕೂರಿಸಿ, ರಿಟರ್ನ್ ಕ್ರ್ಯಾಂಕನ್ನು ಸರಿಯಾದ ಕಡೆ ವಾಲಿಸಿ ಮತ್ತೆ ಟೇಪರ್ ಪಿನ್ ಹೊಡೆಯಬೇಕು. ಚಕ್ರ ಎರಕದ ಕಬ್ಬಿಣ, ತೀರಿಹೋದವರ ಕೈಯದು, ಇನ್ನೊಂದಿಲ್ಲ. ಪ್ರೆಸ್ಸಿನಲ್ಲಿ ಒತ್ತುವಾಗ ಓರೆಯಾದರೆ ಚಕ್ರದ ಕಡ್ಡಿ ಮುರಿಯುತ್ತದೆ. ಹೊಸ ಪಿನ್ನುಗಳನ್ನು ನಾನು ಲೇತಿನಲ್ಲಿ ಕಡಿದೆ, ರಂಧ್ರಕ್ಕಿಂತ ಒಂದು ಮಿಲಿಮೀಟರಿನ ನೂರನೇ ಎರಡು ಪಾಲು ದಪ್ಪ. ಮೂರು ಪಿನ್ ಎಸೆದು ನಾಲ್ಕನೆಯದೂ ಐದನೆಯದೂ ಒಪ್ಪಿಗೆಯಾದವು. ಅವನು ಚಕ್ರದ ಕೆಳಗೆ ಸೀಸದ ತಗಡು ಮಡಿಸಿಟ್ಟು, ಪ್ರೆಸ್ಸಿನ ಹಿಡಿಕೆಗೆ ಕೈ ಹಾಕಿದ. ನಾನು ಚಕ್ರ ಹಿಡಿದುಕೊಂಡೆ. ನಾವಿಬ್ಬರೂ ಅಷ್ಟು ಹತ್ತಿರ ನಿಂತು ಕೆಲಸ ಮಾಡಿದ್ದು ಅದೇ ಮೊದಲು.

“ಯಾಕೆ ಅಳಿಸಿದ್ದು?” ಎಂದೆ.

“ನಿಮ್ಮ ಮಗಳಿಗೆ ಸೀಟು ನೋಡಿ ಇಟ್ಟಿದ್ದೀರಿ ಅಂತ ಬಸ್ಸಲ್ಲಿ ಹೇಳಿದ್ರಲ್ಲ. ನನಗೆ ಎಂತ, ಮದುವೆ ಇಲ್ಲ, ಮಕ್ಕಳಿಲ್ಲ. ಊರಿಗೆ ಹೋದ್ರೆ ದಕ್ಕೆಯಲ್ಲಿ ಬೋಟ್ ಉಂಟು.” ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದ. “ಮತ್ತೆ ತಪ್ಪು ಯಾರಿಗೂ ಆಗ್ತದೆ ಅಣ್ಣ. ನಿಮಗೂ ಆಗ್ತದೆ.”

ಅಲ್ಲಿಗೆ ಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮ್ಯಾನೇಜರನಿಗೆ ಹೇಳಿದ್ದು ಅರ್ಧ, ಇನ್ನರ್ಧ ಬಾಕಿ ಇತ್ತು.

“ತಪ್ಪಿದ್ದಲ್ಲ. ಗೊತ್ತಿದ್ದೇ ಹಾಕಿದ್ದು. ಬಾಬಾ ನಿನ್ನ ಕೈ ನೋಡಿದ್ರಲ್ಲ, ಅದು ನನಗೆ ತಡೀಲಿಕ್ಕೆ ಆಗ್ಲಿಲ್ಲ.”

ಅವನು ನನ್ನ ಮುಖ ನೋಡಲಿಲ್ಲ. ಹಿಡಿಕೆಯನ್ನು ಮತ್ತೆ ಕಾಲು ಸುತ್ತು ತಿರುಗಿಸಿದ. ಹಳೆಯ ಪಿನ್ ಒಂದು ಸಣ್ಣ ಶಬ್ದ ಮಾಡಿ ಸಡಿಲವಾಯಿತು. ಚಕ್ರಕ್ಕೆ ಏನೂ ಆಗಲಿಲ್ಲ. ಆ ಮಧ್ಯಾಹ್ನ ಅವನು ಊಟಕ್ಕೆ ಬೇರೆ ಕಡೆ ಕೂತ. ಬಸ್ಸಿನಲ್ಲೂ ಬೇರೆ ಸೀಟು. ಹಾಗೆ ಒಂಬತ್ತು ದಿನ, ಕೆಲಸಕ್ಕೆ ಬೇಕಾದ ಮಾತು ಮಾತ್ರ: ಹಿಡಿ, ಬಿಡು, ಸಾಕು. ಹತ್ತನೆಯ ದಿನ ಪಕ್ಕದಲ್ಲಿ ಬಂದು ಕೂತು ಕಡಲೆಯ ಪೊಟ್ಟಣ ಬಿಚ್ಚಿದ. ಕೊಡಲಿಲ್ಲ. ಆದರೆ ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಇಟ್ಟ.

ಫೆಬ್ರವರಿಯಲ್ಲಿ ವಫ್ರಾದ ಬಾಬಾರ ತೋಟದಲ್ಲಿ, ಖರ್ಜೂರದ ಗಿಡಗಳ ಸುತ್ತ ಹಾಸಿದ ಹಳಿಯ ಮೇಲೆ ಇಂಜಿನ್ ಇಟ್ಟೆವು. ಕಲ್ಲಿದ್ದಲು ಹಾಕಿ ಬೆಂಕಿ ಎಬ್ಬಿಸಿದ್ದು ನಾನು. ನಲವತ್ತು ನಿಮಿಷಕ್ಕೆ ಮುಳ್ಳು ಆರಕ್ಕೆ ಬಂತು. ಜಪಾನಿನಿಂದ ಬಂದ ಗೆಳೆಯರು ತೆಳ್ಳಗಿನ ಮನುಷ್ಯ, ಬಾಬಾರಷ್ಟೇ ಪ್ರಾಯ. ಲಿವರನ್ನು ಅವರೇ ಮುಂದಕ್ಕೆ ತಳ್ಳಿದರು. ಇಂಜಿನ್ ಮುಂದಕ್ಕೆ ಹೋಯಿತು.

ಎರಡು ಸುತ್ತು ಆದ ಮೇಲೆ ಅವರು ಮೊಣಕಾಲೂರಿ ಕೂತು, ಬಿಸಿ ಎಣ್ಣೆ ಸುರಿಯುತ್ತಿದ್ದ ರಾಡುಗಳನ್ನು ಬಹಳ ಹೊತ್ತು ನೋಡಿದರು. ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಬಾಬಾ ಫಿಟ್ಟರನನ್ನು ತೋರಿಸಿದರು. ಆ ಹಿರಿಯರು ಎದ್ದು ಅವನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಏನು ಮಾಡಬೇಕೆಂದು ತಿಳಿಯದೆ ಅವನೂ ಬಗ್ಗಿದ. ಬಾಯ್ಲರ್ ಯಾರದು ಎಂದು ಯಾರೂ ಕೇಳಲಿಲ್ಲ. ಹೊಟ್ಟೆ ಉರಿಯಿತೇ ಎಂದರೆ, ಉರಿಯಿತು. ಎಲ್ಲ ಒಪ್ಪಿಕೊಂಡ ಮೇಲೆ ಆ ಬೆಂಕಿ ಆರುತ್ತದೆ ಎಂದು ನಾನು ತಿಳಿದದ್ದು ತಪ್ಪು.

ಮಾರ್ಚಿನಲ್ಲಿ ಫಿಟ್ಟರ್ ಫೋರ್‌ಮನ್ ಆದ. ಊರಿಗೆ ಫೋನ್ ಮಾಡಿ ಹೇಳಿದೆ. ಹೆಂಡತಿ “ಅವಳಿಗೆ ನೀವೇ ಹೇಳಿ,” ಎಂದು ಫೋನನ್ನು ಮಗಳಿಗೆ ಕೊಟ್ಟಳು. ಬಸ್ಸು ಈ ವರ್ಷ ಬರುವುದಿಲ್ಲ ಮಗಾ ಎಂದೆ. ಯಾಕೆ ಎಂದಳು. ನಾನು ಒಂದು ತಪ್ಪು ಮಾಡಿದೆ ಎಂದೆ. “ಟೀಚರ್‌ಗೆ ಸಾರಿ ಹೇಳಿದ್ರಾ?” ಎಂದು ಕೇಳಿದಳು.

ಅವನು ಆ ಕುರ್ಚಿಯಲ್ಲಿ ಕೂತ ಮೊದಲ ವಾರವೇ ರಿಫೈನರಿಯಿಂದ ಒಂದು ಹಳೆಯ ಪಂಪು ಬಂತು, ಜತೆಗೆ ಯಾವ ದೇಶದ್ದೆಂದು ತಿಳಿಯದ ಡ್ರಾಯಿಂಗು. ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಓದಬಲ್ಲವರು ಆಗ ನನ್ನನ್ನು ಬಿಟ್ಟು ಇನ್ನೂ ಇಬ್ಬರಿದ್ದರು. ಅವನು ಅವರ ಬೆಂಚುಗಳನ್ನು ದಾಟಿ, ಹಾಳೆ ಹಿಡಿದುಕೊಂಡು ಸೀದಾ ನನ್ನ ಲೇತಿನ ಹತ್ತಿರ ಬಂದ.

“ಅಣ್ಣ, ಇದು ಯಾವ ಆ್ಯಂಗಲ್ ನೋಡಿ,” ಎಂದು ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದು ನೀಡಿದ.

ಲೇತ್ ನಿಲ್ಲಿಸಿದೆ. ಕೈ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು, ಎರಡು ಮಗ್ಗುಲನ್ನೂ ಒಂದಕ್ಕೊಂದು ತಾಳೆ ನೋಡಿ, ಮತ್ತೊಮ್ಮೆ ನೋಡಿದೆ. ಆಮೇಲೆ ಅವನ ಪೆನ್ಸಿಲನ್ನು ಅವನಿಗೇ ಕೊಟ್ಟು, ನನ್ನ ಜೇಬಿನಿಂದ ಶಾಯಿಯ ಪೆನ್ನು ತೆಗೆದು ಗುರುತು ಹಾಕಿದೆ.